ನ್ಯಾಮತಿಯನ್ನು ಎಳೆದು ಹಾಡಬೇಕು

ಹಾರ್ಮೋನಿಯಂನ ರೀಡುಗಳನ್ನು ಒಂದೊಂದಾಗಿ ಬಿಚ್ಚಿ, ಹಳೆಯ ಬ್ರಶ್ಶಿನಿಂದ ಧೂಳು ತೆಗೆದು, ನೆಲಕ್ಕೆ ಹಾಸಿದ ಪೇಪರಿನ ಮೇಲೆ ಸಾಲಾಗಿ ಇಡುತ್ತಿದ್ದೆ. ಸಾಲು ತಪ್ಪಬಾರದು. ತಪ್ಪಿದರೆ ಮತ್ತೆ ಕೂಡಿಸುವಾಗ ಒಂದು ಸ್ವರದ ಮನೆಯಲ್ಲಿ ಇನ್ನೊಂದು ಸ್ವರ ಹೋಗಿ ಕೂರುತ್ತದೆ. ಅಜ್ಜ ಕುರ್ಚಿಯಲ್ಲಿ ಕುಳಿತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಬಾರಿಸುವಾಗ ನಡುಗದ ಅವರ ಕೈ ಸಣ್ಣ ತಿರುಪು ಹಿಡಿದರೆ ನಡುಗುತ್ತದೆ. ಹಾಗಾಗಿ ಈ ಕೆಲಸ ನನ್ನದು. ಮುಂದಿನ ಟೈಲರ್ ಅಂಗಡಿಯ ಮಿಷನ್ನು ನಿಂತು ನಿಂತು ಓಡುತ್ತಿತ್ತು.

ಅವರು ನನ್ನ ಅಮ್ಮನ ತಾಯಿಯ ತಮ್ಮ. ಹೆಸರು ಚಿಕ್ಕಹನುಮಂತಪ್ಪ. ಚನ್ನಗಿರಿಯಲ್ಲಿ ಆ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ನಾಟಕದ ಮಾಸ್ತರ್ ಎನ್ನಬೇಕು. ಐವತ್ತು ವರ್ಷ ಹಳ್ಳಿ ಹಳ್ಳಿಯ ನಾಟಕಗಳಿಗೆ ರಾಗ ಹಾಕಿ, ಹಾಡು ಕಲಿಸಿ, ರಂಗದ ಮುಂದೆ ಕೂತು ಹಾರ್ಮೋನಿಯಂ ನುಡಿಸಿದವರು. ಅವರ ಹೆಂಡತಿ ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಒಂದು ತಿಂಗಳು ಅಡುಗೆ ಮಾಡಿಕೊಟ್ಟು ಬಾ ಎಂದು ಅಮ್ಮ ನನ್ನನ್ನು ಕೆರೆಬಿಳಚಿಯಿಂದ ಕರೆತಂದು ಬಿಟ್ಟಳು. ಏಳು ವರ್ಷವಾಯಿತು. ಶಾಲೆಯವರು ಕರೆಯಲಿಲ್ಲ, ನಾನೂ ಹೋಗುತ್ತೇನೆ ಎನ್ನಲಿಲ್ಲ.

ನನಗೆ ಮಾತು ಕಡಿಮೆ. ಮನೆಗೆ ಬಂದವರು ಟೀ ಲೋಟ ತೆಗೆದುಕೊಂಡ ಮೇಲೆ ನಾನು ಅಲ್ಲಿದ್ದೇನೆ ಎಂಬುದನ್ನೇ ಮರೆಯುತ್ತಾರೆ. ಅಜ್ಜನ ಕಣ್ಣು ಮಂಜಾದ ಮೇಲೆ ಹಾಡಿನ ನೋಟ್‌ಬುಕ್ಕುಗಳನ್ನು ನಾನೇ ನಕಲು ಮಾಡುತ್ತೇನೆ. ಯಾರು ಬರೆದ ಹಾಡಾದರೂ ಈಗ ನನ್ನ ಅಕ್ಷರದಲ್ಲಿದೆ.

ಅಜ್ಜನದು ಮೊದಲು ರಾಗ, ಆಮೇಲೆ ಪದ. ಪದ ಬರುವ ತನಕ ರಾಗವನ್ನು ಖಾಲಿ ಬಿಟ್ಟರೆ ಮರೆತುಹೋಗುತ್ತದೆಂದು ಅದರಲ್ಲಿ ಊರ ಹೆಸರುಗಳನ್ನು ತುಂಬಿಡುತ್ತಾರೆ.

ನಲ್ಲೂರು ಕೆರೆಬಿಳಚಿ ಉಬ್ರಾಣಿ ಹೊನ್ನಾಳಿ
ಚನ್ನಗಿರಿ ಜಗಳೂರು ನಲ್ಲೂರು ನ್ಯಾಮತೀ

ಈ ಸಾಲಿನಲ್ಲಿ ಯಾವ ಬಸ್ಸೂ ಓಡುವುದಿಲ್ಲ. ನಲ್ಲೂರಿಗೆ ಎರಡು ಸಲ ಹೋಗಬೇಕಾಗುತ್ತದೆ. ಯಾಕೆ ಹೀಗೆ ಎಂದು ಬಂದ ಹೊಸದರಲ್ಲಿ ಕೇಳಿದ್ದೆ.

“ನಮ್ಮ ಕಡೆ ಊರೆಲ್ಲ ಐದೈದು ಮಾತ್ರೆ ಕಣವ್ವ, ಎಣಿಸಿ ನೋಡು. ಯಾರೋ ತಾಳ ಹಾಕ್ಕೊಂಡು ಹೆಸರಿಟ್ಟಂಗೈತೆ. ನ್ಯಾಮತಿ ಒಂದು ಮಾತ್ರ ನಾಲ್ಕು. ಅದನ್ನ ಎಳೀಬೇಕು.”

ಬೆರಳು ಮಡಿಸಿ ಎಣಿಸಿದೆ. ನಿಜವಾಗಿತ್ತು. ನ್ಯಾಮತಿ ಬಂದಾಗ ಅವರ ದನಿ ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಕೆಳಗೆ ಇಳಿಯದೆಯೇ ಮುಗಿಯುತ್ತಿತ್ತು. ಬೇರೆ ರಾಗಗಳಲ್ಲೆಲ್ಲ ಊರುಗಳು ಹೋಗಿ ಪದಗಳು ಬಂದಿದ್ದವು. ಈ ಒಂದರಲ್ಲಿ ಮಾತ್ರ ಊರುಗಳು ಮೂವತ್ತೊಂದು ವರ್ಷದಿಂದ ಬಿಡಾರ ಕಿತ್ತಿರಲಿಲ್ಲ.

ಕಾರಣ ನನಗೆ ಹೇಳಿದ್ದು ಅಜ್ಜ ಅಲ್ಲ. ಹಳೆಯ ಪಾತ್ರಧಾರಿಣಿ ಪುಷ್ಪಕ್ಕ ಒಮ್ಮೆ ಮಗಳ ಮದುವೆ ಕಾರ್ಡು ಕೊಡಲು ಬಂದಿದ್ದರು. ಅಜ್ಜ ಎಲೆಅಡಿಕೆ ತರಲು ಹೊರಗೆ ಹೋದಾಗ ತಾವಾಗಿಯೇ ಶುರುಮಾಡಿದರು.

“ನಿಮ್ಮಜ್ಜಂಗೂ ನ್ಯಾಮತಿ ಮಲ್ಲಿಕಾರ್ಜುನಪ್ಪಂಗೂ ಹದಿನಾಲ್ಕು ವರ್ಷದ ಜೋಡಿ. ಇವ್ರದು ರಾಗ, ಅವ್ರದು ಪದ. ಹ್ಯಾಂಡ್‌ಬಿಲ್ಲಿನಾಗೆ ಒಬ್ರ ಹೆಸರು ಬಿಟ್ರೆ ಇನ್ನೊಬ್ರು ಆ ಊರಿಗೇ ಕಾಲಿಡ್ತಿರ್ಲಿಲ್ಲ. ಕೆಡಿಸಿದಾಕಿ ನಾನೇ ನೋಡವ್ವ.”

ಹೊನ್ನಾಳಿಯಲ್ಲಿ ನಾಟಕವಿತ್ತಂತೆ. ಪುಷ್ಪಕ್ಕ ನಾಯಕಿ. ಈ ರಾಗದ ಹಾಡು ಬಂದಾಗ ಎರಡನೇ ಚರಣ ಮರೆತುಹೋಯಿತು. ಮಲ್ಲಿಕಾರ್ಜುನಪ್ಪ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ಪದ ಹೇಳಿಕೊಡುತ್ತಿದ್ದರೂ ಹಾರ್ಮೋನಿಯಂ ಸದ್ದಿಗೆ ಕೇಳಿಸಲಿಲ್ಲ. ಹಾಡು ನಿಂತುಬಿಡುತ್ತದೆಂದು ಅಜ್ಜ ಕೂತಲ್ಲಿಂದಲೇ ಊರ ಹೆಸರುಗಳನ್ನು ಗಟ್ಟಿಯಾಗಿ ಕೊಟ್ಟರು.

“ನಾನೇನು ಮಾಡ್ಲಿ, ಕೊಟ್ಟಿದ್ದು ಹಾಡಿದೆ. ಹೊನ್ನಾಳಿ ಅಂದೆ, ಮುಂದಿನೋರೆಲ್ಲ ಎದ್ದು ಶಿಳ್ಳೆ. ಜಗಳೂರು ಅಂದೆ, ಹಿಂದೆ ಯಾರೋ ಜಗಳೂರೋರು ಟವಲ್ ಹಾರಿಸಿದ್ರು. ಒನ್ಸ್ ಮೋರ್, ಒನ್ಸ್ ಮೋರ್! ಆ ಮನುಷ್ಯ ಬರೆದ ಚಂದದ ಪದಕ್ಕೆ ಒಂದು ದಿನಾನೂ ಒನ್ಸ್ ಮೋರ್ ಬಿದ್ದಿರ್ಲಿಲ್ಲ. ನಿಮ್ಮಜ್ಜ ನಕ್ಕೋತ ಮತ್ತೆ ಬಾರಿಸಿದ್ರು.” ಪುಷ್ಪಕ್ಕನ ನಗು ಅಲ್ಲಿಗೆ ನಿಂತಿತು. “ಅದೇ ತಪ್ಪಾತು. ಮತ್ತೆ ಬಾರಿಸಬಾರ್ದಿತ್ತು.”

ಮರುದಿನ ಮಲ್ಲಿಕಾರ್ಜುನಪ್ಪ, “ನಿನ್ನ ರಾಗಕ್ಕೆ ಊರ ಹೆಸರೇ ಸಾಕು, ನನ್ನ ಪದ ವಾಪಸ್ ಕೊಡು” ಎಂದರಂತೆ. ಆ ಹಾಡಿನ ಹಾಳೆಯನ್ನು ಎಲ್ಲರ ಕೈಯಿಂದಲೂ ಈಸಿಕೊಂಡು ನ್ಯಾಮತಿಯ ಬಸ್ಸು ಹತ್ತಿದರು. ಅಜ್ಜ ಅವರ ಮನೆಗೆ ಹೋಗಲಿಲ್ಲ. ಅವರೂ ಬರಲಿಲ್ಲ.

ಆಮೇಲೆ ಜಗಳೂರಿನ ತಿಪ್ಪೇರುದ್ರಸ್ವಾಮಿ ಎಂಬವರು ಪದ ಬರೆದರು. ಒಂದು ದಿನಕ್ಕೆ ಹನ್ನೆರಡು ಹಾಡು ಬರೆಯುವ ಮನುಷ್ಯ. ಹನ್ನೆರಡರಲ್ಲೂ ಕೊನೆಯ ಸಾಲಿನಲ್ಲಿ ಅವರ ಹೆಸರೇ ಇರುತ್ತಿತ್ತು. ಒಂಬತ್ತು ನಾಟಕ ಆದ ಮೇಲೆ ಅವರು ಎಲೆಕ್ಷನ್ ಪ್ರಚಾರಕ್ಕೆ ಹಾಡು ಬರೆಯಲು ಹೋದರು. ಹೋಗುವಾಗ ಅಜ್ಜನ ರಾಗಗಳನ್ನೂ ಒಯ್ದರು. ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಆಟೋ ಮೈಕಿನಿಂದ ತಮ್ಮದೇ ರಾಗ ಯಾರಿಗೋ ಓಟು ಕೇಳುವುದನ್ನು ಅಜ್ಜ ನಿಂತು ಪೂರ್ತಿ ಕೇಳಿ ಬಂದರಂತೆ. “ಶ್ರುತಿ ಸರಿಯಾಗಿತ್ತು” ಎಂದಷ್ಟೇ ಹೇಳುತ್ತಾರೆ. ಆ ಮನುಷ್ಯನಿಗೆ ಊರುಗಳ ರಾಗವನ್ನು ಮಾತ್ರ ಅವರು ಕೊಟ್ಟಿರಲಿಲ್ಲ.

ಅಂದು ರೀಡುಗಳನ್ನೆಲ್ಲ ಕೂಡಿಸಿ ಮುಗಿಸುವ ಹೊತ್ತಿಗೆ ಉಬ್ರಾಣಿಯಿಂದ ಮಾರುತೇಶ್ ಬಂದರು. ಅಲ್ಲಿನ ನಾಟಕ ಸಂಘದ ಮುಖಂಡರು.

“ಮಾಸ್ತರ್ರೆ, ಐದು ಹಾಡು ಬೇಕ್ರೀ. ನಾಲ್ಕು ಹೆಂಗಾದ್ರೂ ಇರ್ಲಿ. ನಾಯಕಿಗೆ ಒಂದು ಅಳೋ ಹಾಡು ಮಾತ್ರ ಗಟ್ಟಿಯಾಗಿರಬೇಕು. ನಮ್ಮೂರ ಹೆಂಗಸರು ಅಳದಂಗೆ ಎದ್ದೋದ್ರೆ ನಾಟಕ ಫೇಲು ಅಂತಾರೆ.”

ನಾಲ್ಕು ಹಾಡುಗಳು ಹಳೆಯ ನೋಟ್‌ಬುಕ್ಕಿನಲ್ಲಿ ಸಿಕ್ಕವು. ಐದನೆಯದಕ್ಕೆ ಅಜ್ಜ ಎರಡು ದಿನ ಸುಮ್ಮನೆ ಕೂತರು. ಮೂರನೆಯ ದಿನ ನನ್ನ ಫೋನು ಕೇಳಿ ಪಡೆದು, ಊರುಗಳ ರಾಗವನ್ನು ಹಾಡಿ ರೆಕಾರ್ಡ್ ಮಾಡಿಸಿದರು.

“ನ್ಯಾಮತಿಗೆ ಹೋಗಿ ಬಾ. ಮಲ್ಲಿಕಾರ್ಜುನಪ್ಪಂಗೆ ಇದನ್ನ ಕೇಳಿಸು. ರಾಗ ಇನ್ನೂ ಖಾಲಿ ಐತೆ ಅಂತ ಹೇಳು. ಅಷ್ಟೇ ಹೇಳು.”

ಅವರಿಗೆ ಗೊತ್ತಿರದ ಸಂಗತಿ ಒಂದಿತ್ತು. ಆ ರಾಗಕ್ಕೆ ನಾನು ಪದ ಬರೆದಿದ್ದೆ. ಅಜ್ಜ ತಾಲೀಮಿಗೆಂದು ಊರೂರಿಗೆ ಹೋದಾಗ ವಾರಗಟ್ಟಲೆ ನಾನೊಬ್ಬಳೇ ಇರುತ್ತಿದ್ದೆ. ಪಾತ್ರೆ ತೊಳೆಯುವಾಗ ಆ ರಾಗ ಬರುತ್ತಿತ್ತು, ಊರುಗಳನ್ನು ತೆಗೆದು ಬೇರೇನೋ ಇಡುತ್ತಿದ್ದೆ. ಐದು ಮಾತ್ರೆಗೆ ಸರಿಹೋಗದಿದ್ದರೆ ಅಳಿಸುತ್ತಿದ್ದೆ. ಹಾಡಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದು ಎಂಟು ತಿಂಗಳಿಂದ ಇತ್ತು. ತೋರಿಸಲು ಎಷ್ಟೋ ಸಲ ಪುಟ ತೆರೆದಿಟ್ಟು ಪಕ್ಕದಲ್ಲಿ ನಿಂತಿದ್ದೆ. ಕಣ್ಣು ಮಂಜಾದವರ ಮುಂದೆ ಪುಟ ತೆರೆದಿಟ್ಟರೆ ಸಾಲದು, ಬಾಯಿ ಬಿಟ್ಟು ಹೇಳಬೇಕು.

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿಗೆ ಹೋದೆ. ಮಲ್ಲಿಕಾರ್ಜುನಪ್ಪನವರು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅಜ್ಜನಿಗಿಂತ ನಾಲ್ಕೈದು ವರ್ಷ ದೊಡ್ಡವರು. ಕಪ್ಪು ಚೌಕಟ್ಟಿನ ಕನ್ನಡಕ, ಅದರ ಒಂದು ಕಡೆ ದಾರ ಕಟ್ಟಿತ್ತು.

“ಯಾರ ಪೈಕಿ ತಾಯಿ ನೀನು?”

ಹೇಳಿದೆ. ಅವರ ಕೈಯಲ್ಲಿದ್ದ ಕಾಯಿ ಅರ್ಧ ಬಿಚ್ಚಿದಂತೆಯೇ ನಿಂತಿತು.

“ಗಟ್ಟಿಯಾಗಿ ಅದಾನಾ?”

“ಹೂಂ ರೀ. ರಾಗ ಇನ್ನೂ ಖಾಲಿ ಐತೆ ಅಂತ ಹೇಳು ಅಂದ್ರು.”

ಫೋನು ಒತ್ತಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಲ್ಲೂರು, ಕೆರೆಬಿಳಚಿ ಹೋದವು. ನ್ಯಾಮತಿ ಬಂದಾಗ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅವರ ಬೆರಳು ಮೇಲೆಯೇ ನಿಂತಿತು.

“ಇನ್ನೂ ಇಲ್ಲೇ ಎಳೀತಾನೆ, ಕತ್ತೆ ನನ್ಮಗ,” ಎಂದರು. ಬೈಗುಳದಂತೆ ಕೇಳಿಸಲಿಲ್ಲ. ಇನ್ನೆರಡು ಸಲ ಹಾಕಿಸಿ ಕೇಳಿದ ಮೇಲೆ ತಲೆ ಆಡಿಸಿದರು. “ಆಗಾಕಿಲ್ಲ ಮಗಾ. ಅವತ್ತಿಂದ ನಾನು ಒಂದು ಸಾಲೂ ಬರ್ದಿಲ್ಲ. ಬೇರೆಯೋರು ರಾಗ ತಂದ್ರು, ಕೂತು ನೋಡ್ದೆ, ಬರ್ಲಿಲ್ಲ. ಅವನ ರಾಗ ಬಂದ್ರೆ ಬರ್ತೈತೆ ಅಂದ್ಕೊಂಡಿದ್ದೆ. ಈಗ ಅದೂ ಬಂತು. ಒಳಗೆ ಏನೂ ಇಲ್ಲ.”

ಹೊರಡಬೇಕಿತ್ತು. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದೆ. ಪರಿಚಯವಿಲ್ಲದವರ ಮುಂದೆ ಧೈರ್ಯ ಹೇಗೆ ಬಂತೋ ತಿಳಿಯದು. ಕೊನೆಯ ಪುಟ ತೆರೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕವನ್ನು ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದು ಓದಿದರು.

ಬಾಗಿಲನು ತೆರೆದಿಟ್ಟು ಒಬ್ಬಳೇ ಕುಳಿತಿರುವೆ
ಹೋದವರ ಹೆಜ್ಜೆಗಳು ಧೂಳಿನಲಿ ಉಳಿದಿವೆ

ಕೆಳಗೆ ಎರಡು ಚರಣಗಳಿದ್ದವು. ಅವನ್ನೂ ಓದಿದರು.

“ಯಾರು ಬರ್ದಿದ್ದು?”

ನಾನು ಅವರೆಕಾಯಿಯ ಸಿಪ್ಪೆ ನೋಡುತ್ತಿದ್ದೆ.

“ನೀನಾ? ಎಷ್ಟನೇತನಕ ಓದೀಯ?”

“ಒಂಬತ್ತು.”

“ನಾನು ಏಳು. ಅಲ್ಲಿಗೆ ನೀನೇ ಜಾಸ್ತಿ ಓದಿದಾಕಿ.” ಅವರು ನಕ್ಕು, ಜೇಬಿನಿಂದ ಪೆನ್ನು ತೆಗೆದರು. “ಉಳಿದಿವೆ ಅಂದ್ರೆ ವರದಿ ಒಪ್ಪಿಸಿದಂಗಾಗ್ತೈತೆ. ಅಲ್ಲಿ ಅವನು ಎಳೀತಾನೆ. ಎಳೆದ್ರೆ ನೋಯೋ ಮಾತು ಬೇಕು.” ಆ ಒಂದು ಪದವನ್ನು ಹೊಡೆದು, ಮೇಲೆ ದೊಡ್ಡ ಸೊಟ್ಟ ಅಕ್ಷರದಲ್ಲಿ ‘ಹಾಗೆಯೇ’ ಎಂದು ಬರೆದರು. ಬಾಯಲ್ಲೇ ಹಾಡಿ ನೋಡಿದರು. ಹೋದವರ ಹೆಜ್ಜೆಗಳು ಧೂಳಿನಲಿ ಹಾಗೆಯೇ. ನಾನೂ ಒಳಗೊಳಗೇ ಹಾಡಿಕೊಂಡೆ. ಅದು ಸರಿಯಿತ್ತು.

“ನೀನು ಬರೆದಿದ್ದು ಅಂತ ಹೇಳು ಅವನಿಗೆ. ಹೇಳ್ತೀಯ ತಾನೇ?”

ಹೂಂ ಎಂದು ತಲೆಯಾಡಿಸಿದೆ. ಅವರ ಸೊಸೆ ನಾಗರತ್ನ ಟೀ ಕೊಟ್ಟು, ಊರು ಮುಟ್ಟಿದ ಮೇಲೆ ಫೋನು ಮಾಡು ಎಂದು ನಂಬರು ಬರೆಸಿದರು.

ಬಸ್ಸಿನಲ್ಲಿ ಒಂದೇ ವಾಕ್ಯವನ್ನು ಅಭ್ಯಾಸ ಮಾಡುತ್ತ ಬಂದೆ. ಅಜ್ಜ, ಇದನ್ನ ನಾನು ಬರ್ದೆ. ಹೊನ್ನಾಳಿ ದಾಟುವವರೆಗೆ ಅದು ನಾಲ್ಕು ಮಾತಿನದಾಗಿತ್ತು. ಚನ್ನಗಿರಿ ಹತ್ತಿರ ಬಂದಂತೆ ಅದಕ್ಕೆ ಬೇರೆ ಮಾತುಗಳು ಅಂಟಿಕೊಂಡವು. ತಪ್ಪಿದ್ರೆ ಬ್ಯಾಡ. ಸುಮ್ನೆ ಬರ್ದಿದ್ದು.

ಅಜ್ಜ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದರು. ಆ ಏಳು ವರ್ಷದಲ್ಲಿ ನನ್ನನ್ನು ಕರೆದೊಯ್ಯಲು ಅವರು ಬಂದದ್ದು ಅದೇ ಮೊದಲು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಅಂಗಿ ಬೆನ್ನಿಗೆ ಅಂಟಿತ್ತು.

“ಕೊಟ್ನಾ?”

ನೋಟ್‌ಬುಕ್ ಕೊಟ್ಟೆ. ಅಷ್ಟೇ ಮಾಡಿದ್ದು ನಾನು. ಅವರು ಬೇಕರಿಯ ಟ್ಯೂಬ್‌ಲೈಟಿನ ಕೆಳಗೆ ಹೋಗಿ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದರು. ಎಲ್ಲ ಹಾಡುಗಳೂ ನನ್ನ ಅಕ್ಷರದಲ್ಲೇ ಇರುವುದರಿಂದ ಅವರಿಗೆ ಏನೂ ಅನ್ನಿಸಲಿಲ್ಲ. ನಿಧಾನವಾಗಿ ಒಂದೊಂದೇ ಪದ ಓದುತ್ತ ‘ಹಾಗೆಯೇ’ಗೆ ಬಂದರು. ಆ ಸೊಟ್ಟ ಅಕ್ಷರಗಳ ಮೇಲೆ ಬೆರಳಾಡಿಸಿದರು.

“ನೋಡು. ಇದು ಅವನೇ. ಈ ಜಾಗಕ್ಕೆ ಈ ಮಾತು ಅವನಲ್ದೆ ಯಾರು ಇಡ್ತಾರೆ?”

ಬೇಕರಿಯವನು ಏನು ಬೇಕು ಎಂದು ಕೇಳಿದ. ಅಜ್ಜ ನನಗೆ ಎರಡು ದಿಲ್‌ಪಸಂದ್ ಕೊಡಿಸಿದರು. ನಾನು ತಿಂದೆ. ತಿನ್ನುವಾಗ ಹೇಳಬಹುದಿತ್ತು.

ಮನೆಗೆ ಬಂದವರೇ ಫೋನು ಹಚ್ಚಲು ಹೇಳಿದರು. ನಂಬರು ಒತ್ತಿ ಸ್ಪೀಕರಿಗೆ ಹಾಕಿ ಹಾರ್ಮೋನಿಯಂ ಮೇಲೆ ಇಟ್ಟೆ. ಮಲ್ಲಿಕಾರ್ಜುನಪ್ಪನವರು ನಿಜ ಹೇಳುತ್ತಾರೆ, ನಾನು ಹೇಳುವ ಕೆಲಸ ತಪ್ಪುತ್ತದೆ ಎಂದುಕೊಂಡು ಗೋಡೆಗೆ ಒರಗಿ ನಿಂತೆ.

“ಹಲೋ,” ಎಂದರು ಅವರು.

ಅಜ್ಜ ಫೋನಿನ ಹತ್ತಿರ ಬಗ್ಗಿದರು. ಫೋನಿನಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಹದಿನೇಳು, ಹದಿನೆಂಟು.

“ಯಾರು? ಹನುಮನೇನೋ?”

“ಹೂಂ ಕಣಣ್ಣ.”

“ಮಾತಾಡಾಕೆ ಏನು ರೋಗ ನಿಂಗೆ?”

ಅಜ್ಜ ನಕ್ಕರು. ನಗುತ್ತಲೇ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು. “ಮಲ್ಲಣ್ಣ, ನಾನು ಅವತ್ತು ಮತ್ತೆ ಬಾರಿಸಬಾರ್ದಿತ್ತು. ಅದನ್ನ ಹೇಳಾಕೆ ಇಷ್ಟು ವರ್ಷ ಬೇಕಾತು. ನೀನು ಅದನ್ನೆಲ್ಲ ಬಿಟ್ಟು ಪದ ಕಳ್ಸಿದೆಯಲ್ಲ. ನಾನು ಸತ್ತಮೇಲೂ ಈ ರಾಗ ಖಾಲಿ ಇರ್ತೈತೆ ಅಂದ್ಕೊಂಡಿದ್ದೆ. ನೀನು ಬರ್ದೆಯಲ್ಲೋ.”

ಆ ಕಡೆ ಎಲ್ಲೋ ಕುಕ್ಕರ್ ಕೂಗಿತು. ನಾನು ಗೋಡೆಯಿಂದ ಬೆನ್ನು ತೆಗೆದು ನೇರ ನಿಂತೆ.

“ಹೂಂ ಕಣೋ,” ಎಂದರು ಮಲ್ಲಿಕಾರ್ಜುನಪ್ಪ. “ಬರ್ದೆ.”

ಆಮೇಲೆ ಇಬ್ಬರೂ ಒಂದು ಗಂಟೆ ಮಾತಾಡಿದರು. ಯಾರು ಸತ್ತರು, ಯಾರು ಪಾತ್ರ ಬಿಟ್ಟರು, ಯಾರ ಗಂಟಲು ಹೋಯಿತು. ನಾನು ಅನ್ನಕ್ಕೆ ಇಟ್ಟೆ.

ಅಂದಿನಿಂದ ದಿನಾ ಸಂಜೆ ಫೋನು. ಅಜ್ಜ ಊಟ ಹೆಚ್ಚು ಮಾಡತೊಡಗಿದರು. ಗಡ್ಡ ಎರಡು ದಿನಕ್ಕೊಮ್ಮೆ ತೆಗೆದರು. ಮಾರುತೇಶ್ ಹ್ಯಾಂಡ್‌ಬಿಲ್ಲಿನ ನಮೂನೆಯನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ನನ್ನಿಂದ ಓದಿಸಿದರು. ಗೀತರಚನೆ, ಮಲ್ಲಿಕಾರ್ಜುನಪ್ಪ, ನ್ಯಾಮತಿ. ಸಂಗೀತ, ಚಿಕ್ಕಹನುಮಂತಪ್ಪ ಮಾಸ್ತರ್, ಚನ್ನಗಿರಿ. ಮತ್ತೆ ಓದು ಎಂದರು. ಮೂರು ಸಲ ಓದಿದೆ. ಮೂರನೆಯ ಸಲ ಎರಡು ಹೆಸರುಗಳ ನಡುವೆ ಸ್ವಲ್ಪ ನಿಲ್ಲಿಸಿದೆ. ಅವರು ಅದನ್ನು ಗಮನಿಸಲಿಲ್ಲ.

ಕೊನೆಯ ತಾಲೀಮು ಉಬ್ರಾಣಿಯ ಸಮುದಾಯ ಭವನದಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಮಲ್ಲಿಕಾರ್ಜುನಪ್ಪನವರು ಮೊಮ್ಮಗಳ ಜೊತೆ ಬಂದರು. ಅಜ್ಜ ಬಾಗಿಲ ತನಕ ಹೋಗಿ ಅವರ ಕೈ ಹಿಡಿದು ಕರೆತಂದು ಹಾರ್ಮೋನಿಯಂ ಪಕ್ಕದ ಚಾಪೆಯ ಮೇಲೆ ಕೂರಿಸಿದರು. ಆ ಚಾಪೆಯ ಮೇಲೆ ನಾನು ನೋಟ್‌ಬುಕ್ ಹಿಡಿದು ಕೂರುವುದು ರೂಢಿ. ನಾನು ಕಂಬದ ಹತ್ತಿರ ಹೋದೆ. ಮಲ್ಲಿಕಾರ್ಜುನಪ್ಪ ನನ್ನನ್ನು ಒಮ್ಮೆ ನೋಡಿ ಕನ್ನಡಕದ ದಾರ ಸರಿಮಾಡಿಕೊಂಡರು.

ನಾಯಕಿಯ ಪಾತ್ರಕ್ಕೆ ಜಗಳೂರಿನಿಂದ ಅಂಬಿಕಾ ಎಂಬವರು ಬಂದಿದ್ದರು. ಅವರು ಹಾಡು ಎತ್ತಿಕೊಂಡಾಗ ಬಾಗಿಲಲ್ಲಿ ನೋಡುತ್ತ ನಿಂತಿದ್ದ ಹೆಂಗಸರ ಮಾತು ನಿಂತಿತು. ‘ಹಾಗೆಯೇ’ ಮೇಲೆ ಹೋಗಿ ಅಲ್ಲೇ ನಿಂತಿತು. ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

“ಒನ್ಸ್ ಮೋರ್!” ಎಂದು ಮಾರುತೇಶ್ ಕೂಗಿದರು. ಉಳಿದವರೂ ಕೂಗಿದರು.

ಅಜ್ಜ ಬಾರಿಸಲಿಲ್ಲ. ಗೆಳೆಯನ ಕಡೆ ತಿರುಗಿದರು. “ಈ ಸಲ ನಿನ್ನ ಪದಕ್ಕೆ ಕಣಣ್ಣ. ಬಾರಿಸ್ಲಾ?”

ಮಲ್ಲಿಕಾರ್ಜುನಪ್ಪ ತಲೆ ತಗ್ಗಿಸಿ ಹೂಂ ಎಂದರು.

ಎರಡನೇ ಸಲ ಮುಗಿದ ಮೇಲೆ ಅಂಬಿಕಾ ಬಂದು ಅವರ ಕಾಲು ಮುಟ್ಟಿದರು. “ಗಂಡಸ್ರಾಗಿ ಇದೆಲ್ಲ ಹೆಂಗೆ ಬರೀತೀರಿ ಯಜಮಾನ್ರೆ? ಒಬ್ಬಳೇ ಅನ್ನುವಾಗ ನಂಗೇ ಅಳು ಬರುತ್ತೆ.” ಅವರು ಆಶೀರ್ವಾದಕ್ಕೆ ಕೈ ಎತ್ತಿದರು.

ಮಂಡಕ್ಕಿ, ಮೆಣಸಿನಕಾಯಿ ಬಂದವು. ಎಲ್ಲರೂ ಹೊರಗಿನ ನೆರಳಿಗೆ ಹೋದರು. ಹೋಗುವಾಗ ಮಾರುತೇಶ್, “ಮಾಸ್ತರ್ರೆ, ಹ್ಯಾಂಡ್‌ಬಿಲ್ಲು ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗ್ತೈತೆ. ತಿದ್ದೋದು ಏನಾದ್ರೂ ಇದ್ರೆ ಈಗ್ಲೇ ಹೇಳ್ರಿ,” ಎಂದರು.

ಒಳಗೆ ನಾವು ಮೂವರೇ ಉಳಿದೆವು. ಅಜ್ಜ ಹಾರ್ಮೋನಿಯಂ ತಿದಿಯನ್ನು ಮೆಲ್ಲಗೆ ಒತ್ತುತ್ತ ಒಂದೇ ಸ್ವರ ಹಿಡಿದಿದ್ದರು. ನಾನು ಕಂಬ ಬಿಟ್ಟು ಅವರ ಎದುರು ಬಂದು ಕೂತೆ.

“ಅಜ್ಜ, ಆ ಹಾಡು ನಾನು ಬರ್ದಿದ್ದು. ‘ಹಾಗೆಯೇ’ ಒಂದು ಅವ್ರದು. ಉಳಿದಿದ್ದು ನಂದು.”

ನನ್ನ ದನಿ ಸಣ್ಣದಾದರೂ ಖಾಲಿ ಭವನದಲ್ಲಿ ಸ್ಪಷ್ಟವಾಗಿ ಕೇಳಿಸಿತು. ತಿದಿಯ ಮೇಲಿನ ಕೈ ನಿಂತಿತು. ಒಳಗಿದ್ದ ಗಾಳಿ ಮುಗಿಯುವ ತನಕ ಸ್ವರ ಹಾಗೇ ಇದ್ದು, ಕ್ಷೀಣಿಸಿ ನಿಂತಿತು. ಅಜ್ಜ ಗೆಳೆಯನ ಕಡೆ ನೋಡಿದರು. ಮಲ್ಲಿಕಾರ್ಜುನಪ್ಪ ಚಾಪೆಯ ಅಂಚಿನಿಂದ ಒಂದು ಎಳೆ ಕಿತ್ತು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಅಜ್ಜನಿಗೆ ತಿಳಿಯಿತೆಂದು ನನಗೆ ತಿಳಿಯಿತು. ಅವರ ಮುಖ ಒಂದು ಸಲ ಮುಪ್ಪಾದಂತೆ ಕಂಡು, ಮತ್ತೆ ಮೊದಲಿನಂತಾಯಿತು. ಅವರು ಗೆಳೆಯನ ಕೈ ಮೇಲೆ ತಮ್ಮ ಕೈ ಇಟ್ಟರು.

ಹೊರಗೆ ಮಾರುತೇಶ್ ಯಾರನ್ನೋ ಬೈಯುತ್ತ ಬೈಕು ಚಾಲೂ ಮಾಡಿದರು.

“ಹ್ಯಾಂಡ್‌ಬಿಲ್ಲಿನಾಗೆ ನನ್ನ ಹೆಸರೂ ಹಾಕ್ಸಿ,” ಎಂದೆ.

ಇಬ್ಬರೂ ಹಾರ್ಮೋನಿಯಂ ಕಡೆ ನೋಡುತ್ತಿದ್ದರು. ಬೈಕಿನ ಸದ್ದು ರಸ್ತೆಗೆ ಇಳಿಯಿತು.

“ಕೊನೇ ಸಾಲಿನಾಗಾದ್ರೂ ಅಡ್ಡಿ ಇಲ್ಲ, ಸಣ್ಣ ಅಕ್ಷರದಾಗೆ. ರಕ್ಷಾ, ಕೆರೆಬಿಳಚಿ ಅಂತ ಹಾಕ್ಸಿ ಅಜ್ಜ.”